ಓದುಗರ ಪ್ರಶ್ನೆ, ಅಯ್ಯನವರ ಉತ್ತರ: ನೆಗೆಣ್ಣಿ ನಿನ್ನ ವೈರಿಯಲ್ಲ

ಪ್ರಶ್ನೆ: ಅಯ್ಯನವರಿಗೆ ಕರ್ತನಲ್ಲಿ ವಂದನೆಗಳು. ನಾನು ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡು ಮೂರು ವರ್ಷವಾಯಿತು. ಮನೆಯಲ್ಲಿ ನಾನೊಬ್ಬಳೇ ವಿಶ್ವಾಸಿ. ಬಟ್ಟೆ ಹೊಲಿದು ಸಂಸಾರಕ್ಕೆ ನೆರವಾಗುತ್ತೇನೆ. ನಂಬಿಕೆಯಲ್ಲಿ ಇನ್ನೂ ಗಟ್ಟಿಯಾಗಬೇಕೆಂದು ಈ ವರ್ಷ ಶುಕ್ರವಾರದ ಉಪವಾಸ ಪ್ರಾರ್ಥನೆ ಶುರುಮಾಡಿದೆ. ಅಂದಿನಿಂದ ಒಂದರ ಹಿಂದೆ ಒಂದು ಕಷ್ಟ. ಮಗನಿಗೆ ಒಂದೇ ತಿಂಗಳಲ್ಲಿ ಎರಡು ಸಲ ಜ್ವರ ಬಂತು. ಹೊಲಿಗೆ ಯಂತ್ರ ಕೆಟ್ಟು ಕೂತಿದೆ. ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಅಮಾವಾಸ್ಯೆಯ ಮರುದಿನ ಬಾಗಿಲ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿತ್ತು. ಆಗಲೂ ಅತ್ತುಕೊಂಡಾದರೂ ಪ್ರಾರ್ಥಿಸುತ್ತಿದ್ದೆ. ಬೇರೆ ಊರಿನಿಂದ ಬಂದಿದ್ದ ಪ್ರಸಂಗಿಯೊಬ್ಬರಿಗೆ ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿ ಪ್ರಾರ್ಥಿಸಿ, ‘ಇದು ನಿನ್ನ ನೆಗೆಣ್ಣಿ ಮಾಡಿಸಿದ ಮಾಟ, ಆ ಮನೆಯ ನೀರನ್ನೂ ಮುಟ್ಟಬೇಡ’ ಎಂದರು. ಅಭಿಷೇಕದ ಎಣ್ಣೆ ಎಂದು ಒಂದು ಸೀಸೆ ಕೊಟ್ಟು 500 ರೂಪಾಯಿ ತೆಗೆದುಕೊಂಡರು. ಎಣ್ಣೆಯನ್ನು ಬಾಗಿಲಿಗೆ ಹಚ್ಚಿದೆ. ಈಗ ಮೊಣಕಾಲೂರಿದರೆ ಮಾತೇ ಬರುವುದಿಲ್ಲ. ಇದು ಸೈತಾನನ ಹೋರಾಟವೇ? ನಾನು ಹೇಗೆ ನಿಲ್ಲಲಿ?
ಒಬ್ಬ ಸಹೋದರಿ, ರಾಣೆಬೆನ್ನೂರು

ಉತ್ತರ: ಮಗಳೇ, ನಿನ್ನ ಪತ್ರ ಓದುವಾಗ ನನ್ನ ಕಿರಿಯ ಮಗಳೇ ಎದುರು ಕೂತು ಹೇಳಿಕೊಂಡಂತೆ ಆಯಿತು. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಈ ಸಂಚಿಕೆ ಅಚ್ಚಾಗಿ ನಿನ್ನ ಕೈ ಸೇರುವ ತನಕ ಮಗುವಿನ ಜ್ವರ ಕಾಯುವುದಿಲ್ಲವಾದ್ದರಿಂದ ಆ ಒಂದು ವಿಷಯವನ್ನು ಆಗಲೇ ಪೋಸ್ಟ್‌ಕಾರ್ಡಿನಲ್ಲಿ ಬರೆದು ಹಾಕಿದ್ದೇನೆ: ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು, ರಕ್ತ ಪರೀಕ್ಷೆ ಮಾಡಿಸು. ತಿಂಗಳಲ್ಲಿ ಎರಡು ಸಲ ಜ್ವರ ಬಂದರೆ ಟೈಫಾಯಿಡ್ ಇರಬಹುದು, ಡೆಂಗಿ ಇರಬಹುದು, ಏನೂ ಇಲ್ಲದೆಯೂ ಇರಬಹುದು. ವೈದ್ಯರು ನೋಡಿ ಹೇಳಲಿ. ಆಸ್ಪತ್ರೆಗೆ ಹೋದರೆ ನಂಬಿಕೆ ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡ. ಬೈಬಲಿನಲ್ಲಿ ಅಪೊಸ್ತಲ ಪೌಲನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಯಿತ್ತು, ಆಗಾಗ ಕಾಯಿಲೆ ಬೀಳುತ್ತಿದ್ದ. ಪೌಲನು ಅವನಿಗೆ ಬರೆದದ್ದು ಸ್ವಲ್ಪ ದ್ರಾಕ್ಷಾರಸ ಕುಡಿ ಎಂಬ ಮನೆಮದ್ದಿನ ಮಾತನ್ನೇ ಹೊರತು, ನಿನಗೆ ಮಾಟ ಮಾಡಿಸಿದವರು ಯಾರು ಎಂದು ಹುಡುಕು ಅಂತಲ್ಲ. ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ.

ಹೊಲಿಗೆ ಯಂತ್ರಕ್ಕೆ ರಿಪೇರಿಯವನನ್ನು ಕರೆಸು. ಅದರ ಬಗ್ಗೆ ಇಷ್ಟು ಸಾಕು.

ಇನ್ನು ನಿನ್ನ ನಿಜವಾದ ಪ್ರಶ್ನೆ. ಇದು ಸೈತಾನನ ಹೋರಾಟವೇ? ಹೌದು, ಹೋರಾಟವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಆದರೆ ಆ ಹೋರಾಟ ನಿನ್ನ ಮನೆಯ ಯಾವ ಮೂಲೆಯಲ್ಲಿ ನಡೆಯುತ್ತಿದೆ ಎಂಬುದನ್ನು ನಿನ್ನ ಪತ್ರದಿಂದಲೇ ತೋರಿಸುತ್ತೇನೆ, ತಾಳ್ಮೆಯಿಂದ ಓದು. ಮಗನಿಗೆ ಜ್ವರ ಬಂದಾಗ ನೀನು ಪ್ರಾರ್ಥಿಸುತ್ತಿದ್ದೆ. ಯಂತ್ರ ಕೆಟ್ಟಾಗ ಪ್ರಾರ್ಥಿಸುತ್ತಿದ್ದೆ. ಗಂಡ ಮಾತು ಬಿಟ್ಟಾಗಲೂ, ಆ ನಿಂಬೆಹಣ್ಣು ಕಂಡಾಗಲೂ ಅತ್ತುಕೊಂಡಾದರೂ ಪ್ರಾರ್ಥಿಸುತ್ತಿದ್ದೆ ಎಂದು ನೀನೇ ಬರೆದಿದ್ದೀಯ. ಮಾತು ನಿಂತದ್ದು ಯಾವಾಗ? ‘ನಿನ್ನ ನೆಗೆಣ್ಣಿ ಮಾಡಿಸಿದ್ದು’ ಎಂಬ ಒಂದು ವಾಕ್ಯ ನಿನ್ನ ಕಿವಿಗೆ ಬಿದ್ದ ಮೇಲೆ. ನಾಲ್ಕು ಕಷ್ಟಗಳು ಸೇರಿ ಮಾಡಲಾಗದ ಕೆಲಸವನ್ನು ಆ ಒಂದು ವಾಕ್ಯ ಮಾಡಿತು. ಈಗ ಹೇಳು, ವೈರಿ ಒಳಗೆ ಬಂದದ್ದು ಯಾವ ಬಾಗಿಲಿನಿಂದ?

ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ನಿನಗೆ ಗೊತ್ತೇ ಇರುತ್ತದೆ. ಅಲ್ಲಿ ಹೇಳಿದ ದೇವರು ಕೊಡುವ ಸರ್ವಾಯುಧಗಳ ವಿಷಯ ಬಂದರೆ ನಮ್ಮ ಸಭೆಗಳಲ್ಲಿ ಶಿರಸ್ತ್ರಾಣ, ಗುರಾಣಿ, ಕತ್ತಿ ಎಂದು ಮಕ್ಕಳಿಂದ ಚಿತ್ರ ಬರೆಸುತ್ತೇವೆ. ಆಯುಧಗಳ ಹೆಸರು ಬರುವುದಕ್ಕೆ ಮೊದಲು ಪೌಲನು ಹೇಳಿದ್ದನ್ನು ಮಾತ್ರ ದಾಟಿ ಹೋಗುತ್ತೇವೆ: ‘ನಾವು ಹೋರಾಡುವದು ಮನುಷ್ಯಮಾತ್ರದವರ ಸಂಗಡವಲ್ಲ.’ ಈ ಮಾತು ಮೊದಲು, ಆಯುಧ ಆಮೇಲೆ. ಮನುಷ್ಯರ ಮೇಲೆ ಎತ್ತುವುದಕ್ಕೆ ಇವನ್ನು ಕೊಟ್ಟಿಲ್ಲ ಎಂದು ಖಚಿತಪಡಿಸಿಯೇ ಅವನು ಆಯುಧಗಳನ್ನು ಕೈಗೆ ಕೊಡುತ್ತಾನೆ. ಇದನ್ನು ಬರೆದವನು ಆಗ ಬೇಡಿ ತೊಟ್ಟು ಸೆರೆಯಲ್ಲಿದ್ದ. ಬೇಡಿ ಹಾಕಿದವರು ಮನುಷ್ಯರೇ, ಅವರ ಮುಖ ಅವನಿಗೆ ದಿನವೂ ಕಾಣುತ್ತಿತ್ತು. ಅಂಥವನು ಹೇಳಿದ ಮಾತು ಇದು.

ಎಫೆಸ ಎಂಥ ಊರು ಎಂಬುದನ್ನೂ ತಿಳಿದುಕೋ. ಅರ್ತೆಮೀದೇವಿಯ ದೊಡ್ಡ ಗುಡಿ ಇದ್ದ ಊರು. ಮಂತ್ರ, ತಂತ್ರ, ತಾಯತಕ್ಕೂ ಹೆಸರಾಗಿತ್ತು. ಅಪೊಸ್ತಲರ ಕೃತ್ಯಗಳು 19ರಲ್ಲಿ ಒಂದು ಸಂಗತಿಯಿದೆ. ಮಾಟ ಮಂತ್ರ ನಡೆಸುತ್ತಿದ್ದ ಅನೇಕರು ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟುಬಿಟ್ಟರು. ಬೆಲೆ ಲೆಕ್ಕ ಹಾಕಿದಾಗ 50,000 ಬೆಳ್ಳಿ ನಾಣ್ಯವಾಯಿತು. ಅವರು ಸುಟ್ಟದ್ದು ಯಾರ ಪುಸ್ತಕಗಳನ್ನು? ತಮ್ಮವನ್ನೇ. ನೆರೆಮನೆಗೆ ನುಗ್ಗಿ ಅಲ್ಲಿರುವುದನ್ನು ಎಳೆದು ತರಲಿಲ್ಲ. ನಿನ್ನ ಮನೆಯಲ್ಲಿ ಈಗ ಮಾಟದ ಭಯ ಹೊತ್ತ ವಸ್ತು ಏನಾದರೂ ಇದ್ದರೆ, ನನಗೆ ಕಾಣುವುದು ಆ 500 ರೂಪಾಯಿಯ ಸೀಸೆ. ಯಾಕೋಬನ ಪತ್ರಿಕೆಯಲ್ಲಿ ಎಣ್ಣೆಯ ಮಾತಿದೆ ನಿಜ. ಆದರೆ ಅಲ್ಲಿ ರೋಗಿಯು ಸಭೆಯ ಹಿರಿಯರನ್ನು ಕರೆಸುತ್ತಾನೆ, ಅವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಕರೆದಾಗ ಬರುವ ಜನರಿದ್ದಾರೆ ಅಲ್ಲಿ, ಬೆಲೆಯಿಲ್ಲ. ದೇವರ ಕೃಪೆಗೆ ದರ ಕಟ್ಟಿ ಬಡ ಹೆಣ್ಣುಮಗಳ ಹೊಲಿಗೆಯ ದುಡ್ಡನ್ನು ಕಿತ್ತುಕೊಳ್ಳುವುದನ್ನು ಕಂಡರೆ ನನಗೆ ದುಃಖವೂ ಕೋಪವೂ ಒಟ್ಟಿಗೆ ಬರುತ್ತವೆ. ಆ ಎಣ್ಣೆಯನ್ನು ಹೊಲಿಗೆ ಯಂತ್ರಕ್ಕೆ ಬಿಡು, ಬಾಗಿಲನ್ನು ಸೋಪಿನ ನೀರಿನಿಂದ ಒರೆಸು.

ಹೇಗೆ ನಿಲ್ಲಲಿ ಎಂದು ಕೇಳಿದ್ದೀಯ. ಆ ಅಧ್ಯಾಯದಲ್ಲಿ 11ರಿಂದ 14ರ ತನಕ ನಾಲ್ಕು ವಚನಗಳಲ್ಲಿ ನಿಲ್ಲುವ ಮಾತು ಮೂಲ ಗ್ರೀಕಿನಲ್ಲಿ ನಾಲ್ಕು ಸಲ ಬರುತ್ತದೆ. ಬೆನ್ನಟ್ಟಿ ಹೋಗು ಎಂದಿಲ್ಲ, ಪತ್ತೆ ಹಚ್ಚು ಎಂದಿಲ್ಲ. ನಿಲ್ಲು ಎಂದಿದೆ. ನಿಲ್ಲುವುದು ಎಂದರೆ ನಿನ್ನೆ ಮಾಡುತ್ತಿದ್ದ ಒಳ್ಳೆಯ ಕೆಲಸವನ್ನು ಇವತ್ತೂ ಮಾಡುವುದು. ಭಾನುವಾರ ಆರಾಧನೆಗೆ ಹೋಗುವುದು. ಒಪ್ಪಿಕೊಂಡ ರವಿಕೆಯನ್ನು ಹೇಳಿದ ದಿನಕ್ಕೆ ಕೊಡುವುದು. ಸುಳ್ಳು ಹೇಳದೆ ಇರುವುದು. ಸೊಂಟಕ್ಕೆ ಕಟ್ಟಿಕೊಳ್ಳಬೇಕಾದದ್ದು ಸತ್ಯ ಎಂದಿದೆಯಲ್ಲವೇ? ನಿನ್ನ ನೆಗೆಣ್ಣಿಯ ವಿಷಯದಲ್ಲಿ ಸತ್ಯ ಏನು? ಅವಳು ನಿಂಬೆಹಣ್ಣು ಇಟ್ಟದ್ದನ್ನು ನೀನು ಕಂಡಿಲ್ಲ. ಅಷ್ಟೇ ಸತ್ಯ. ಅದರಾಚೆಗೆ ಒಂದು ಹೆಜ್ಜೆ ಇಟ್ಟರೆ ನಡುಕಟ್ಟು ಸಡಿಲವಾಗುತ್ತದೆ.

ಮತ್ತೊಂದು ಸಂಗತಿ. ‘ಧರಿಸಿಕೊಳ್ಳಿರಿ’, ‘ನಿಲ್ಲಿರಿ’ ಎಂದು ಓದುವಾಗ ನಮ್ಮ ಕನ್ನಡದ ಕಿವಿಗೆ ಅದು ಮರ್ಯಾದೆಯಿಂದ ಒಬ್ಬರಿಗೆ ಹೇಳಿದಂತೆಯೂ ಕೇಳಿಸುತ್ತದೆ. ಮೂಲದಲ್ಲಿ ಅದು ಬಹುವಚನ. ಇಡೀ ಸಭೆಗೆ ಹೇಳಿದ್ದು. ಅಲ್ಲಿ ಗುರಾಣಿಗೆ ಬಳಸಿದ ಗ್ರೀಕ್ ಪದ ಬಾಗಿಲು ಎಂಬ ಪದದಿಂದ ಬಂದದ್ದು. ರೋಮಿನ ಸೈನಿಕನು ಹಿಡಿಯುತ್ತಿದ್ದ, ಮೈಯನ್ನೆಲ್ಲ ಮರೆಮಾಡುವಷ್ಟು ದೊಡ್ಡ ಮರದ ಗುರಾಣಿ ಅದು. ಸಾಲಾಗಿ ನಿಂತವರು ಗುರಾಣಿಗೆ ಗುರಾಣಿ ತಾಗಿಸಿದರೆ ಗೋಡೆಯಾಗುತ್ತಿತ್ತು. ಒಬ್ಬನೇ ಹಿಡಿದರೆ ಪಕ್ಕಗಳು ಬರಿದು. ನೀನು ಇಷ್ಟು ದಿನ ಒಬ್ಬಳೇ ಹಿಡಿದು ನಿಂತಿದ್ದೀಯ, ಮಗಳೇ. ಕೈ ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಮಾತೂ ಒಂದಿದೆ. ನಾನು ಮೊದಲ ಸಲ ಹಳ್ಳಿಯ ಸಭೆಗೆ ಸಭಾಪಾಲಕನಾಗಿ ಹೋದಾಗ ವಯಸ್ಸು 27. ಗದಗದ ಕಡೆಯ ಕಪ್ಪುಮಣ್ಣಿನ ಊರು. ಮೊದಲ ಮಳೆಗಾಲದಲ್ಲೇ ನನ್ನೊಳಗೆ ಏನೋ ಆರಿಹೋಯಿತು. ಭಾನುವಾರ ಪ್ರಸಂಗ ಮಾಡುತ್ತಿದ್ದೆ, ಸೋಮವಾರದಿಂದ ಶನಿವಾರದ ತನಕ ಒಂದು ಪ್ರಾರ್ಥನೆಯೂ ಬಾಯಿಂದ ಹೊರಡುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ, ಅಯ್ಯನವರೇ ಹೀಗೆಂದರೆ ಜನ ಏನೆಂದಾರು ಎಂಬ ಅಂಜಿಕೆ. ಸಭೆಯಲ್ಲಿ ಒಬ್ಬ ವಿಧವೆ ಅಜ್ಜಿ ಇದ್ದರು, ಅಕ್ಷರ ಬಾರದವರು. ಅವರಿಗೆ ಹೇಗೆ ತಿಳಿಯಿತೋ. ಒಂದು ಸಂಜೆ ಕಂದೀಲು ಹಿಡಿದುಕೊಂಡು ಬಂದು ದೇವಾಲಯದ ಮೆಟ್ಟಿಲ ಮೇಲೆ ಕೂತರು. ಗಾಜಿನ ಮಸಿಯನ್ನು ಸೆರಗಿನಿಂದ ಒರೆಸಿ, ಬತ್ತಿ ಸಣ್ಣದು ಮಾಡಿ, ‘ಅಯ್ಯನವರೇ, ನಾನು ಹೇಳುತ್ತೇನೆ, ನೀವು ಆಮೆನ್ ಅನ್ನಿ, ಸಾಕು’ ಎಂದರು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುಮಾಡಿ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ನಿಲ್ಲಿಸಿ, ಬೆರಳು ಮಡಿಸುತ್ತಾ ಯಾರದೋ ಹೆಸರುಗಳನ್ನು ಮೆಲ್ಲಗೆ ಹೇಳಿ, ಮತ್ತೆ ಮುಂದುವರಿಸಿದರು. ನಾನು ಆಮೆನ್ ಎಂದೆ. ಆ ಮಳೆಗಾಲವೆಲ್ಲ ಹೀಗೇ ನಡೆಯಿತು. ಜೋಳ ಎದೆಯೆತ್ತರ ಬೆಳೆಯುವ ಹೊತ್ತಿಗೆ ಒಂದು ಸಂಜೆ ಅಜ್ಜಿ ಬಾಯಿ ತೆರೆಯುವ ಮೊದಲೇ ನನ್ನ ಬಾಯಿಂದ ‘ನಮ್ಮ ತಂದೆಯೇ’ ಎಂದು ಬಂತು. ನನ್ನ ತಂದೆಯೇ ಎಂದಿಲ್ಲ ನೋಡು, ನಮ್ಮ ತಂದೆಯೇ.

ನಿನಗೂ ಅಂಥ ಒಬ್ಬರು ಬೇಕು. ನಿಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ವಯಸ್ಸಾದ ಒಬ್ಬರನ್ನು ಹುಡುಕು. ಎಲ್ಲವನ್ನೂ ಹೇಳಿಕೋ. ಅವರು ಪ್ರಾರ್ಥಿಸಲಿ, ನೀನು ಆಮೆನ್ ಎನ್ನು. ಈಗ ಇಷ್ಟೇ ಪ್ರಾರ್ಥನೆ ಸಾಕು. ಶುಕ್ರವಾರದ ಉಪವಾಸವನ್ನು ಒಂದೆರಡು ತಿಂಗಳು ಬಿಡು. ಜ್ವರದ ಮಗುವಿನ ಆರೈಕೆ ಮಾಡುವ ತಾಯಿ ಊಟ ಮಾಡಬೇಕು.

ಯಜಮಾನರ ವಿಷಯ. ಅವರು ಮಾತು ಬಿಟ್ಟದ್ದು ನಿನ್ನ ದೇವರ ಮೇಲಿನ ಸಿಟ್ಟಿನಿಂದಲೋ, ಅಥವಾ 500 ರೂಪಾಯಿ ಹೋದ ಮೇಲೆ, ತಮ್ಮ ಅಣ್ಣನ ಹೆಂಡತಿಗೆ ಮಾಟಗಾತಿಯ ಹೆಸರು ಬಂದ ಮೇಲೆ ಆ ಸಿಟ್ಟು ಇನ್ನೂ ಹೆಚ್ಚಿತೋ? ಅವರನ್ನೇ ಕೇಳು. ಆ ದುಡ್ಡಿನ ವಿಷಯದಲ್ಲಿ ನಿನ್ನದು ತಪ್ಪಾಯಿತು ಎಂದು ಒಪ್ಪಿಕೋ. ನಂಬಿಕೆಯ ವಿಷಯದಲ್ಲಿ ಕ್ಷಮೆ ಕೇಳುವ ಅಗತ್ಯವಿಲ್ಲ. ಈ ಎರಡನ್ನೂ ಬೇರೆ ಬೇರೆ ಇಡು. ಅವರು ಕೈ ಎತ್ತುವವರಾದರೆ ಮಾತ್ರ ಇದು ತಾಳಿಕೊಳ್ಳುವ ವಿಷಯವಲ್ಲ. ತವರಿಗೆ ತಿಳಿಸು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡು.

ನಮ್ಮ ನಾಡಿನಲ್ಲೇ ನಿನಗಿಂತ ಮುಂಚೆ ಹೀಗೆ ನಿಂತವರಿದ್ದಾರೆ. ಮಂಗಳೂರಿನ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣ ಮನೆತನದವರು, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮೋಗ್ಲಿಂಗ್ ಅವರ ವಿದ್ಯಾರ್ಥಿ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಗದ್ದಲವೆದ್ದಿತು. ಹೆಂಡತಿ ಅವರೊಡನೆ ಬರಲಿಲ್ಲ. ಮುಂದೆ ಬಾಸೆಲ್‌ಗೆ ಹೋಗಿ ಓದಿದರು. ಅಷ್ಟು ದೂರ ಹೋದವರು ಅಲ್ಲೇ ಉಳಿಯಬಹುದಿತ್ತು. 1851ರಲ್ಲಿ ಬೋಧಕರಾಗಿ ಹಿಂದಿರುಗಿದ್ದು ಅದೇ ಮಂಗಳೂರಿಗೆ, ತಮ್ಮ ಮೇಲೆ ಕೆರಳಿದ್ದ ಅದೇ ಜನರ ನಡುವೆ ಬದುಕಿ ಕಲಿಸುವುದಕ್ಕೆ. ಅವರಿಗೂ ನೋವಿತ್ತು, ಒಂಟಿತನವಿತ್ತು. ಊರನ್ನು ಮಾತ್ರ ವೈರಿ ಎಂದು ಎಣಿಸಲಿಲ್ಲ. ನಾನು ಮಂಗಳೂರಿನಲ್ಲಿ ಆ ಮಿಷನ್ನಿನ ನೆಲೆಯಿದ್ದ ಬಲ್ಮಠದ ಗುಡ್ಡ ಹತ್ತಿದಾಗಲೆಲ್ಲ ಅವರ ನೆನಪಾಗುತ್ತದೆ.

ನೀನು ಹೋಗಬೇಕಾದದ್ದು ಅಷ್ಟು ದೂರವಲ್ಲ, ಪಕ್ಕದ ಹೊಸ್ತಿಲ ತನಕ. ಈ ವಾರವೇ ನೆಗೆಣ್ಣಿಯ ಮನೆಗೆ ಹೋಗು. ಮಾಟದ ಮಾತು ಎತ್ತಬೇಡ. ಪಡಸಾಲೆಯಲ್ಲಿ ಕೂತು ಒಂದು ತಂಬಿಗೆ ನೀರು ಕೇಳು. ಕೊಟ್ಟಾಗ ಪೂರ್ತಿ ಕುಡಿ. ಮಗನ ಜ್ವರದ ಬಗ್ಗೆ ಹೇಳು, ಅವಳೂ ತಾಯಿಯಾಗಿದ್ದರೆ ಕೇಳುತ್ತಾಳೆ. ಮಗನ ಹೆಸರನ್ನು ಬರೆದು ಕಳುಹಿಸು, ನಮ್ಮ ಬುಧವಾರದ ಪ್ರಾರ್ಥನಾಕೂಟದಲ್ಲಿ ಹೇಳಿಕೊಳ್ಳುತ್ತೇವೆ. ನೆಗೆಣ್ಣಿಯ ಹೆಸರನ್ನೂ ಬರೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದೇನೆ. ಕೋಣೆಯ ಗೆಳೆಯರು ನನ್ನ ನಂಬಿಕೆಯನ್ನು ಹಾಸ್ಯ ಮಾಡುತ್ತಾರೆ. ರಾತ್ರಿ ಎರಡರ ತನಕ ವಾದ ನಡೆಯುತ್ತದೆ. ವಾದದಲ್ಲಿ ನಾನೇ ಗೆಲ್ಲುತ್ತೇನೆ, ಆದರೂ ಸಮಾಧಾನವಿಲ್ಲ. ಅವರಲ್ಲೊಬ್ಬ ಪರೀಕ್ಷೆಗೆ ನನ್ನ ಟಿಪ್ಪಣಿ ಕೇಳಿದ, ಸಿಟ್ಟಿನಲ್ಲಿ ಕೊಡಲಿಲ್ಲ. ಸಾಕ್ಷಿಯಾಗಿ ನಿಲ್ಲುವುದು ಹೇಗೆ?
ಒಬ್ಬ ವಿದ್ಯಾರ್ಥಿ

ಉತ್ತರ: ಯೇಸುವಿನ ಶಿಷ್ಯ ಪೇತ್ರನು ಬರೆದ ಮಾತನ್ನು ಮತ್ತೊಮ್ಮೆ ನಿಧಾನವಾಗಿ ಓದು. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಅದನ್ನು ಸಾತ್ವಿಕತ್ವದಿಂದ ಹೇಳಿರಿ ಎನ್ನುತ್ತಾನೆ. ಹಾಸ್ಯ ಮಾಡುವವರು ಇನ್ನೂ ಏನನ್ನೂ ಕೇಳಿಲ್ಲ. ಅವರಿಗೆ ಎರಡು ಗಂಟೆಯ ತನಕ ಉತ್ತರ ಕೊಡುವ ಹೊಣೆ ನಿನ್ನ ಮೇಲಿಲ್ಲ. ನಗುತ್ತಾ ಹೊದ್ದು ಮಲಗು. ನಿನ್ನನ್ನು ನಿಜವಾಗಿ ಒಂದನ್ನು ಕೇಳಿದವನು ಒಬ್ಬನೇ, ಆ ಟಿಪ್ಪಣಿ ಕೇಳಿದವನು. ಅವನ ಪರೀಕ್ಷೆ ಮುಗಿದಿರಬಹುದು. ಮುಂದಿನ ವಿಷಯದ ಟಿಪ್ಪಣಿಯನ್ನು ಅವನು ಕೇಳುವ ಮೊದಲೇ ಜೆರಾಕ್ಸ್ ಮಾಡಿಸಿ ಅವನ ದಿಂಬಿನ ಮೇಲೆ ಇಡು.