ಗಾಜಿನ ಗೋಡೆಯೋ, ಅಗಲದ ಜಗಲಿಯೋ?

ಪ್ರಶ್ನೆ: ಸಕಲೇಶಪುರದ ಬಳಿ ಅಜ್ಜನ ಕಾಫಿ ತೋಟದಲ್ಲಿ ರಜೆಗೆಂದು ಸಣ್ಣ ಮನೆ ಕಟ್ಟಿಸುತ್ತಿದ್ದೇವೆ. ಒಳಗೆ ಕುಳಿತರೂ ತೋಟದಲ್ಲೇ ಇದ್ದಂತಿರಬೇಕೆಂಬ ಆಸೆ. ಪಶ್ಚಿಮದ ಕಣಿವೆಯತ್ತ ಇಪ್ಪತ್ತು ಅಡಿಯ ಜಾರುವ ಗಾಜಿನ ಬಾಗಿಲು, ಮೇಲೆ ಸಮತಟ್ಟು ತಾರಸಿ ಎಂದು ನಕ್ಷೆಯಾಗಿದೆ. ಅಮ್ಮನೂ ಜೊತೆಗಿರುತ್ತಾರೆ. ಸರಿಯೇ?
— ಓದುಗರು, ಬೆಂಗಳೂರು

ಉತ್ತರ: ಆಸೆ ಸರಿ, ದಿಕ್ಕು ತಪ್ಪು. ಮುಂಗಾರು ಏರಿ ಬರುವುದೇ ಆ ಕಡೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ನೇರ ಗಾಜಿಗೇ ಹೊಡೆಯುತ್ತದೆ, ಬಾಗಿಲು ಜಾರುವ ಹಳಿಯಲ್ಲಿ ನೀರು ನಿಂತು ಒಳಗಿಳಿಯುತ್ತದೆ. ಬೇಸಿಗೆಯಲ್ಲಿ ಇಳಿಬಿಸಿಲು ತಡೆಯದೆ ಪರದೆ ಎಳೆಯುತ್ತೀರಿ. ಕಣಿವೆಯೂ ಹೋಯಿತು, ಗಾಜಿನ ದುಡ್ಡೂ ಹೋಯಿತು.

ಗಾಜು ಕಣ್ಣನ್ನಷ್ಟೇ ಹೊರಗೆ ಬಿಡುತ್ತದೆ. ಮೈಯೂ ಹೊರಗಿರಬೇಕಾದರೆ ಜಗಲಿ ಬೇಕು. ಎಂಟು ಅಡಿಗೆ ಕಡಿಮೆ ಬೇಡ. ಐದಡಿಯ ಜಗಲಿಯಲ್ಲಿ ಕುರ್ಚಿ ಹಾಕಿದರೆ ಕಾಫಿ ತರುವವರು ಅಡ್ಡಡ್ಡ ನಡೆಯಬೇಕಾಗುತ್ತದೆ. ಅದರಾಚೆಗೂ ಸೂರು ಮೂರಡಿ ಚಾಚಲಿ. ನೆಲ ನಡುಮನೆಗಿಂತ ಒಂದಂಗುಲ ತಗ್ಗಿದ್ದು, ಹೊರಕ್ಕೆ ತುಸು ಇಳಿಜಾರಿರಲಿ. ಒಳಗಿನ ಕಲ್ಲನ್ನೇ ಜಗಲಿಗೂ ಹಾಸಿ, ಆದರೆ ಹೊರಗೆ ಪಾಲಿಶ್ ಮಾಡಿಸಬೇಡಿ. ಒದ್ದೆಯಾದ ನುಣುಪು ಕಲ್ಲಿನ ಮೇಲೆ ಅಮ್ಮ ಕಾಲಿಡುವುದು ಬೇಡ.

ಇಷ್ಟು ಸೂರು ಚಾಚಿದರೆ ಒಳಗೆ ಕತ್ತಲಾಗದೇ ಎನ್ನುತ್ತೀರಿ. ಆಗುತ್ತದೆ. ಅದಕ್ಕೇ ಮಲೆನಾಡಿನವರು ಹಂಚಿನ ನಡುವೆ ಅಲ್ಲಲ್ಲಿ ಗಾಜಿನ ಹಂಚು ಕೂರಿಸುತ್ತಾರೆ. ಬೆಳಗಿನ ಬಿಸಿಲುಕೋಲು ಅದರಿಂದಿಳಿದು, ಮಧ್ಯಾಹ್ನದ ಹೊತ್ತಿಗೆ ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಸರಿದಿರುತ್ತದೆ. ತಾರಸಿ ಬಿಟ್ಟು 30 ಡಿಗ್ರಿ ಇಳಿಜಾರಿಗೆ ಮಂಗಳೂರು ಹಂಚು ಹೊದಿಸಿ. ಕೋತಿ ಹಂಚು ಸರಿಸುತ್ತದೆ, ನಿಜ. ಸೋರುವ ತಾರಸಿಯ ರಿಪೇರಿಗಿಂತ ಅದೇ ಸುಲಭ.

ಹಳೇ ಕಾಲದ ಮಾತೆಂದು ನಿಮ್ಮ ವಾಸ್ತುಶಿಲ್ಪಿ ಮೂಗು ಮುರಿದರೆ, ಶ್ರೀಲಂಕಾದ ಬೆಂತೋಟದ ಬಳಿ ಅಲ್ಲಿನ ಹೆಸರಾಂತ ವಾಸ್ತುಶಿಲ್ಪಿ ಜೆಫ್ರಿ ಬಾವಾ ಮಾಡಿಕೊಂಡ ಲುನುಗಂಗಾ ತೋಟದ ಮನೆಯ ಚಿತ್ರಗಳನ್ನು ತೋರಿಸಿ. ಅಲ್ಲಿಗೂ ನೈರುತ್ಯ ಮಳೆಯೇ. ಆಧುನಿಕರಲ್ಲಿ ಆಧುನಿಕರೆನಿಸಿದ ಅವರು ನೆಚ್ಚಿಕೊಂಡದ್ದು ಉದ್ದನೆಯ ಸೂರು, ತೆರೆದ ವರಾಂಡ, ಅಂಗಳಗಳನ್ನೇ.

ಗಾಜು ಬೇಕೇ ಬೇಕೆಂದರೆ ಪೂರ್ವಕ್ಕಿಡಿ. ಪಶ್ಚಿಮಕ್ಕೆ ಬಚ್ಚಲು, ಉಗ್ರಾಣ ಹೋಗಲಿ. ಕಣಿವೆ ನೋಡಲು ಜಗಲಿಯ ಒಂದು ತುದಿ ಮಾತ್ರ ಆಚೆ ತಿರುಗಲಿ, ಮಳೆಗಾಲದಲ್ಲಿ ಅಲ್ಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ. ವಾರಗಟ್ಟಲೆ ಬೀಗ ಹಾಕಿದ ಮನೆಗೆ ಬೂಷ್ಟು ಹಿಡಿಯುವುದರಿಂದ, ಬಾಗಿಲುಗಳ ಮೇಲೆ ಸದಾ ಗಾಳಿಯಾಡುವ ಜಾಲರಿ ಕಿಂಡಿ ಮರೆಯಬೇಡಿ.

ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಜುಲೈನಲ್ಲೊಮ್ಮೆ ಆ ಜಾಗದಲ್ಲಿ ನಿಂತು ಗಾಳಿಯ ದಿಕ್ಕು ನೋಡಿ. ಗುಡ್ಡದ ಸಂದಿಯಲ್ಲಿ ಅದು ಹೊರಳುವುದುಂಟು. ಹಾಗಿದ್ದರೆ ನಾನು ಹೇಳಿದ ದಿಕ್ಕುಗಳನ್ನೂ ಅದಕ್ಕೆ ತಕ್ಕಂತೆ ತಿರುಗಿಸಿಕೊಳ್ಳಿ.