ಬಾನೆಟ್ ಎತ್ತಿದ್ರೆ ಬರೀ ವೈರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ತುಂಬಾ ಪ್ರಶ್ನೆಗಳು ಹಳೇ ಕಾರಿನ ವೈರಿಂಗ್ ಬಗ್ಗೆನೇ ಇದ್ವು, ಅದಕ್ಕೆ ಬ್ರೇಕು, ಟೈರು ಎಲ್ಲಾ ಮುಂದಿನ ಸಂಚಿಕೆಗೆ ಇಟ್ಕೊಂಡು ಇದೊಂದನ್ನೇ ತಗೊಂಡಿದ್ದೀನಿ.

ಪ್ರಶ್ನೆ: ನಾನು ತಗೊಂಡಿರೋ ಹಳೇ ಪೆಟ್ರೋಲ್ ಕಾರು ಮೂರ್ನಾಲ್ಕು ಜನರ ಕೈ ದಾಟಿ ಬಂದಿದೆ. ಬಾನೆಟ್ ಎತ್ತಿದ್ರೆ ಎಲ್ಲಿ ನೋಡಿದ್ರೂ ವೈರು, ಎಷ್ಟೋ ವೈರಿನ ತುದಿಗೆ ಏನೂ ಇಲ್ಲ, ಸುಮ್ನೆ ಟೇಪ್ ಸುತ್ತಿ ಬಿಟ್ಟಿದ್ದಾರೆ. ಯಾವತ್ತೋ ಫಾಗ್ ಲ್ಯಾಂಪು, ಅಲಾರಂ, ಆಂಪ್ಲಿಫೈಯರ್ ಎಲ್ಲಾ ಇತ್ತಂತೆ, ಈಗ ಒಂದೂ ಇಲ್ಲ. ಬೇಡದ್ದನ್ನೆಲ್ಲ ಕಟ್ ಮಾಡಿ ಎಸೀಬಹುದಾ? ಎಲ್ಲಿಂದ ಶುರು ಮಾಡ್ಲಿ?

ಎಸೀಬಹುದು, ಆದ್ರೆ ಕಟ್ಟರ್ ಕೈಗೆ ತಗೊಳೋದು ಕೊನೇಲಿ. ಮೊದ್ಲು ನೀವು ಮಾಡ್ಬೇಕಾಗಿರೋದು ಒಂದೇ ಕೆಲ್ಸ, ಯಾವ್ದು ಕಂಪನಿಯಿಂದಾನೇ ಬಂದಿದ್ದು, ಯಾವ್ದು ಆಮೇಲೆ ಯಾರೋ ಸೇರಿಸಿದ್ದು ಅಂತ ಬೇರೆ ಮಾಡೋದು. ಕಂಪನಿ ವೈರಿಂಗ್ ಸಾಮಾನ್ಯವಾಗಿ ಒಂದು ಕಟ್ಟಾಗಿ ಓಡತ್ತೆ, ಮೇಲೆ ಪೈಪೋ ಬಟ್ಟೆ ಟೇಪೋ ಇರತ್ತೆ, ಕ್ಲಿಪ್ಪಲ್ಲಿ ಬಾಡಿಗೆ ಕೂತಿರತ್ತೆ, ಬಣ್ಣದ ಮೇಲೆ ಇನ್ನೊಂದು ಬಣ್ಣದ ಗೆರೆ ಇರತ್ತೆ, ಕಪ್ಲರಲ್ಲಿ (ಸಿಕ್ಕಿಸಿ ಬಿಚ್ಚೋ ಪ್ಲಾಸ್ಟಿಕ್ ಪ್ಲಗ್ಗು) ಕೊನೆ ಆಗತ್ತೆ. ಆಮೇಲೆ ಸೇರಿಸಿದ್ದು ಹಾಗಲ್ಲ, ಉದ್ದಕ್ಕೂ ಒಂದೇ ಕೆಂಪು ಇಲ್ಲಾ ಕಪ್ಪು, ಮಧ್ಯ ಮಧ್ಯ ತಿರುಚಿ ಟೇಪ್ ಹಾಕಿದ ಜಾಯಿಂಟು, ಬ್ಯಾಟರಿ ಟರ್ಮಿನಲ್ಲಿಗೆ ನೇರ ಸಿಕ್ಕಿಸಿರೋದು, ಬಾಡಿಗೆ ಸ್ಕ್ರೂ ಹೊಡೆದು ಕೊಟ್ಟಿರೋ ಅರ್ಥಿಂಗು. ಒಂದ್ಸಲ ಕಣ್ಣಿಗೆ ಅಭ್ಯಾಸ ಆದ್ರೆ ದೂರದಿಂದಾನೇ ಗೊತ್ತಾಗತ್ತೆ.

ಶುರು ಮಾಡೋಕೆ ಮುಂಚೆ ಮೇಲಿಂದ, ಪಕ್ಕದಿಂದ, ಪ್ರತಿ ಮೂಲೆದೂ ಫೋಟೋ ತೆಗೀರಿ, ನಿಮ್ಮ ಮಾಡೆಲ್ಲಿನ ವೈರಿಂಗ್ ಡಯಾಗ್ರಾಂ ಸಂಪಾದಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ನೆಗೆಟಿವ್ವೇ ಯಾಕೆ ಅಂದ್ರೆ ಪಾಸಿಟಿವ್ ಮೊದ್ಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಅಲ್ಲೇ ಶಾರ್ಟ್ ಆಗತ್ತೆ.

ಆಮೇಲೆ ಬ್ಯಾಟರಿ ಪಾಸಿಟಿವ್ ಹತ್ರ ಬನ್ನಿ. ಅಲ್ಲಿಗೆ ಕಂಪನಿ ಕೊಟ್ಟಿರೋದು ಬೆರಳೆಣಿಕೆಯಷ್ಟು ಕೇಬಲ್ ಮಾತ್ರ, ಸೆಲ್ಫ್ ಮೋಟರಿಗೆ ಹೋಗೋ ದಪ್ಪದ್ದು, ಫ್ಯೂಸ್ ಬಾಕ್ಸಿಗೆ ಹೋಗೋದು, ಕೆಲವು ಕಾರಲ್ಲಿ ಆಲ್ಟರ್ನೇಟರಿಂದ, ಅಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಜನರೇಟರಿಂದ, ಬರೋದು. ಮಿಕ್ಕ ಸಣ್ಣ ಸಣ್ಣ ವೈರುಗಳೆಲ್ಲ ಅನುಮಾನಕ್ಕೆ ಅರ್ಹ. ಒಂದೊಂದೇ ಹಿಡ್ಕೊಂಡು ತುದಿ ತನಕ ಹೋಗಿ, ಬಳ್ಳಿ ಬುಡ ಸಿಕ್ಕಿದ್ರೆ ತುದಿ ಎಲ್ಲಿ ಹೋಗಿದೆ ಅಂತ ತಾನಾಗೇ ಗೊತ್ತಾಗತ್ತೆ. ಇದನ್ನೇ ಮೊದ್ಲು ತೆಗೀಬೇಕು ಅನ್ನೋಕೆ ಕಾರಣ ಅಂದ ಅಲ್ಲ. ಹೀಗೆ ಸಿಕ್ಕಿಸಿದ ವೈರಿಗೆ ಎಷ್ಟೋ ಸಲ ಫ್ಯೂಸೇ ಇರಲ್ಲ, ಕಾರಿನ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪ್ ಕೊಡತ್ತೆ, ಮೈ ಸವೆದ ಒಂದು ಸಣ್ಣ ವೈರು ಎಂಜಿನ್ನಿಗೋ ಬಾಡಿಗೋ ತಾಗಿದ್ರೆ ಫ್ಯೂಸ್ ಹಾರೋ ಬದಲು ಆ ವೈರೇ ಕಾದು ಉರಿಯತ್ತೆ, ಪಕ್ಕದಲ್ಲಿ ಓಡೋ ಒಳ್ಳೇ ವೈರುಗಳನ್ನೂ ಜೊತೆಗೆ ಸುಡತ್ತೆ. ತುದಿಗೆ ಏನೂ ಕನೆಕ್ಟ್ ಆಗಿಲ್ಲ ಅಂತ ಬಿಟ್ಟಿರೋ ಆಂಪ್ಲಿಫೈಯರ್ ಕೇಬಲ್ ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯ, ದಪ್ಪ ಇರತ್ತೆ, ಬ್ಯಾಟರಿ ಕಡೆ ಜೀವಂತ ಇರತ್ತೆ, ಯಾರಿಗೂ ನೆನಪಿರಲ್ಲ.

ತೆಗೆಯೋವಾಗ ಪೂರ್ತಿ ತೆಗೀರಿ. ಅರ್ಧಕ್ಕೆ ಕಟ್ ಮಾಡಿ ಟೇಪ್ ಸುತ್ತೋದು ಹಿಂದಿನವರು ಮಾಡಿದ ಕೆಲ್ಸ, ನೀವೂ ಅದನ್ನೇ ಮಾಡಿದ್ರೆ ಕ್ಲೀನ್ ಮಾಡಿದ ಹಾಗಾಗಲ್ಲ. ಫೀಡ್ (ಸಪ್ಲೈ ತರೋ ವೈರು), ಸ್ವಿಚ್, ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು), ಅರ್ಥ್, ನಾಲ್ಕೂ ಹೊರಗೆ ಬರ್ಬೇಕು. ಕ್ಯಾಬಿನ್ನಿಗೆ ಹೋಗೋ ವೈರ್ ಎಳೆದ ಮೇಲೆ ಎಂಜಿನ್ ಗೋಡೆಯಲ್ಲಿ ತೂತು ಉಳಿಯತ್ತೆ, ಅದಕ್ಕೆ ರಬ್ಬರ್ ಗ್ರೋಮೆಟ್ ಹಾಕಿ ಮುಚ್ಚಿ, ಇಲ್ಲಾಂದ್ರೆ ನೀರೂ ಹೊಗೆನೂ ಒಳಗೆ.

ಇನ್ನು ಕಂಪನಿ ವೈರಿಗೆ ಕಚ್ಚಿಸಿರೋ ಆ ಪ್ಲಾಸ್ಟಿಕ್ ಟ್ಯಾಪ್ ಕ್ಲಿಪ್ಪುಗಳು. ಅದರೊಳಗೆ ಒಂದು ಬ್ಲೇಡ್ ಇರತ್ತೆ, ಇನ್ಸುಲೇಷನ್ ಸೀಳಿ ತಾಮ್ರ ಮುಟ್ಟತ್ತೆ, ಕೆಲವೊಂದ್ಸಲ ಒಂದೆರಡು ಎಳೆ ತಾಮ್ರವನ್ನೂ ಕತ್ತರಿಸಿರತ್ತೆ. ಕ್ಲಿಪ್ ತೆಗೆದ ಮೇಲೆ ಆ ಗಾಯ ಹಾಗೇ ಇರತ್ತೆ, ತೇವ ಸೇರಿ ತಾಮ್ರ ಹಸಿರಾಗತ್ತೆ, ಒಂದು ದಿನ ಹೆಡ್‌ಲೈಟ್ ಮಂಕು. ಎಳೆಗಳು ಸರಿ ಇದ್ರೆ ಸೀಲ್ ಮಾಡಿ ಸಾಕು, ಕಪ್ಪಗೋ ಹಸಿರೋ ಆಗಿದ್ರೆ ಆ ತುಂಡು ಕತ್ತರಿಸಿ ಅದೇ ದಪ್ಪದ ಹೊಸ ತುಂಡು ಸೇರಿಸಿ.

ಅಲಾರಂ ಬಗ್ಗೆ ಬೇರೆಯಾಗಿ ಹೇಳ್ಬೇಕು. ಕಳ್ಳತನ ತಡೆಯೋಕೆ ಅಂತ ಅದನ್ನ ಹಾಕಿದವರು ಸ್ಟಾರ್ಟರ್ ಅಥವಾ ಇಗ್ನಿಷನ್ ವೈರನ್ನ ಕತ್ತರಿಸಿ ಮಧ್ಯ ರಿಲೇ ಕೂರಿಸಿರ್ತಾರೆ. ಆ ಬಾಕ್ಸ್ ಕಿತ್ತುಹಾಕಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ. ಕತ್ತರಿಸಿದ ಎರಡು ತುದಿ ಹುಡುಕಿ ಮತ್ತೆ ಸೇರಿಸ್ಬೇಕು, ಆ ಜಾಯಿಂಟ್ ಮಾತ್ರ ಎಲ್ಲಕ್ಕಿಂತ ಗಟ್ಟಿಯಾಗಿರ್ಲಿ.

ಎಲ್ಲಾ ಸೇರಿಸಿದ್ದೂ ಕಸ ಅಂದ್ಕೋಬೇಡಿ. ಹಳೇ ಕಾರುಗಳಲ್ಲಿ ಹೆಡ್‌ಲೈಟ್ ಕರೆಂಟ್ ಪೂರ್ತಿ ಸ್ಟೀರಿಂಗ್ ಹತ್ರದ ಸ್ವಿಚ್ಚಿನ ಮೂಲಕಾನೇ ಹೋಗ್ತಿತ್ತು, 60 ವ್ಯಾಟಿನ ಎರಡು ಬಲ್ಬು ಅಂದ್ರೆ 10 ಆಂಪ್, ಸ್ವಿಚ್ ಕಾದು ಕರಗ್ತಿತ್ತು. ಯಾರಾದ್ರೂ ಫ್ಯೂಸ್ ಇಟ್ಟು ನೀಟಾಗಿ ಹೆಡ್‌ಲೈಟ್ ರಿಲೇ ಹಾಕಿದ್ರೆ ಅವರಿಗೊಂದು ನಮಸ್ಕಾರ ಹೇಳಿ ಅದನ್ನ ಹಾಗೇ ಬಿಡಿ.

ಪ್ರಶ್ನೆ: ಕಂಪನಿ ವೈರಿಂಗಲ್ಲೇ ಕೆಲವು ಕಪ್ಲರ್ ಖಾಲಿ ನೇತಾಡ್ತಿದೆ, ಎಲ್ಲಿಗೂ ಹೋಗಲ್ಲ. ಅದನ್ನೂ ತೆಗೀಬಹುದಲ್ವಾ?

ಬೇಡ. ಕಂಪನಿಯವರು ಒಂದೇ ಹಾರ್ನೆಸನ್ನ, ಅಂದ್ರೆ ವೈರಿನ ಕಟ್ಟನ್ನ, ಹಲವು ಮಾಡೆಲ್ಲಿಗೆ ಹಾಕ್ತಾರೆ, ನಿಮ್ಮ ಗಾಡಿಗೆ ಬಾರದ ಆಪ್ಷನ್ನಿನ ಕಪ್ಲರ್ ಹಾಗೇ ಉಳ್ಕೊಂಡಿರತ್ತೆ. ಅದರಿಂದ ತೊಂದ್ರೆ ಇಲ್ಲ, ಬಾಯಿಗೆ ನೀರು ಹೋಗ್ದಿರೋ ಹಾಗೆ ಮುಚ್ಚಿ ಹಿಂದಕ್ಕೆ ಮಡಚಿ ಕಟ್ಟಿ. ಕಟ್ ಮಾಡೋದ್ರಲ್ಲಿ ಅಪಾಯ ಏನಂದ್ರೆ ಹಾರ್ನೆಸ್ ಒಳಗೆ, ಟೇಪಿನ ಕೆಳಗೆ, ಒಂದೇ ವೈರು ನಾಲ್ಕೈದು ಕಡೆ ಕವಲಾಗಿರತ್ತೆ. ಸೆನ್ಸರುಗಳ 5 ವೋಲ್ಟ್ ಸಪ್ಲೈ, ಅರ್ಥ್ ಎಲ್ಲಾ ಹೀಗೆ ಹಂಚ್ಕೊಂಡಿರೋದೇ ಜಾಸ್ತಿ. ನೀವು ಬೇಡದ ಸೆನ್ಸರಿಂದು ಅಂತ ತೆಗೆದ ವೈರಿನ ತುದಿ ಬಾಡಿಗೆ ತಾಗಿದ್ರೆ ಕೆಲ್ಸ ಮಾಡ್ತಿರೋ ಬೇರೆ ಸೆನ್ಸರೂ ಸಾಯತ್ತೆ, ಆಮೇಲೆ ಹುಡುಕಿ ಹುಡುಕಿ ಸಾಕಾಗತ್ತೆ.

ಹಾಗೂ ತೆಗೀಲೇಬೇಕು ಅಂದ್ರೆ ಕಟ್ ಮಾಡ್ದೇ ಕಪ್ಲರಿಂದ ಪಿನ್ ಹೊರಗೆ ತೆಗೀರಿ, ಲಾಕ್ ಎತ್ತಿ ಸಣ್ಣ ಟೂಲಲ್ಲಿ ಒತ್ತಿದ್ರೆ ಪಿನ್ ವೈರ್ ಸಮೇತ ಬರತ್ತೆ, ಏನಾದ್ರೂ ಎಡವಟ್ಟಾದ್ರೆ ವಾಪಸ್ ಹಾಕಬಹುದು. ಎರಡೆರಡು ವೈರ್ ಒಂದಕ್ಕೊಂದು ಹೆಣೆದು ಓಡ್ತಿದ್ರೆ, ಜಾಲರಿ ಕವಚ ಇದ್ರೆ ಅದರ ತಂಟೆಗೆ ಹೋಗ್ಬೇಡಿ. ಹಳದಿ ಕಪ್ಲರ್, ಹಳದಿ ಪೈಪ್ ಕಂಡ್ರಂತೂ ಅದು ಹೆಚ್ಚಾಗಿ ಏರ್‌ಬ್ಯಾಗಿಂದು, ಮೀಟರೂ ಇಡ್ಬೇಡಿ, ಟೆಸ್ಟ್ ಲ್ಯಾಂಪೂ ಇಡ್ಬೇಡಿ.

ಪ್ರಶ್ನೆ: ಎಸಿ ಹಾಳಾಗಿ ಕಂಪ್ರೆಸರ್ ತೆಗೆಸಿಬಿಟ್ಟಿದ್ದೀನಿ. ಅದರ ವೈರಿಂಗ್ ಪೂರ್ತಿ ತೆಗೆದ್ರೆ ಎಂಜಿನ್ ಕಡೆ ಏನೂ ಆಗಲ್ಲ ತಾನೆ?

ಕಂಪ್ರೆಸರ್ ಕ್ಲಚ್ಚಿಗೆ ಹೋಗೋ ವೈರ್ ತೆಗೆದ್ರೆ ಏನಾಗಲ್ಲ. ಆದ್ರೆ ಎಸಿ ಗ್ಯಾಸ್ ಪ್ರೆಷರ್ ಸ್ವಿಚ್ಚಿಂದ ಬರೋ ವೈರು ಕೆಲವು ಕಾರಲ್ಲಿ ರೇಡಿಯೇಟರ್ ಫ್ಯಾನಿನ ಸರ್ಕ್ಯೂಟಿಗೂ ಸೇರಿರತ್ತೆ. ಅಲ್ಲಿ ಕೈ ಹಾಕಿದ್ರೆ ಫ್ಯಾನ್ ಒಂದೋ ಓಡೋದೇ ಇಲ್ಲ ಇಲ್ಲಾ ನಿಲ್ಲೋದೇ ಇಲ್ಲ. ಡಯಾಗ್ರಾಂ ನೋಡ್ದೇ ಮುಟ್ಬೇಡಿ, ತೆಗೆದ ಮೇಲೆ ಗಾಡಿ ನಿಲ್ಸಿ ಬಿಸಿ ಮಾಡಿ ಫ್ಯಾನ್ ಬರತ್ತಾ ನಿಲ್ಲತ್ತಾ ನಿಂತು ನೋಡಿ. ನನ್ನ ಕೇಳಿದ್ರೆ ಎಸಿ ವೈರನ್ನ ಸೀಲ್ ಮಾಡಿ ಮಡಚಿ ಇಟ್ಕೊಳಿ ಅಂತೀನಿ, ನಾಳೆ ಬೇಕು ಅನ್ಸಿದ್ರೆ ಇರತ್ತೆ.

ಪ್ರಶ್ನೆ: ಮೀಟರ್ ಇಟ್ರೆ ವೋಲ್ಟೇಜ್ ಇಲ್ಲ ಅಂದ್ರೆ ಆ ವೈರ್ ಸತ್ತಿದೆ ಅಂತ ತಾನೆ?

ಅಲ್ಲ, ಇಲ್ಲೇ ತುಂಬಾ ಜನ ಎಡವೋದು. ಕೀ ಆಫ್ ಇದ್ದಾಗ ಸೊನ್ನೆ ತೋರ್ಸೋ ವೈರು ಕೀ ಆನ್ ಮಾಡಿದಾಗ ಬದುಕಬಹುದು, ಸೆಲ್ಫ್ ಹೊಡೆಯೋ ಆ ಎರಡು ಸೆಕೆಂಡಷ್ಟೇ ಬದುಕಬಹುದು, ರಿವರ್ಸ್ ಗೇರ್ ಹಾಕಿದಾಗ, ನೀರು ಕಾದಾಗ ಬದುಕಬಹುದು. ಅರ್ಥ್ ವೈರಂತೂ ಯಾವಾಗ್ಲೂ ಸೊನ್ನೇನೇ. ಅದಕ್ಕೆ ಪ್ರತಿ ಸ್ಥಿತಿಯಲ್ಲೂ ನೋಡ್ಬೇಕು, ಆಮೇಲೆ ಬ್ಯಾಟರಿ ಬಿಚ್ಚಿ ಮೀಟರನ್ನ ಕಂಟಿನ್ಯೂಟಿಗೆ (ಎರಡು ತುದಿ ಒಂದೇ ವೈರಿಂದಾ ಅಂತ ತೋರ್ಸೋದು) ಇಟ್ಟು ಎಲ್ಲಿಗೆ ಹೋಗಿದೆ ಅಂತ ಹುಡುಕ್ಬೇಕು.

ಉಲ್ಟಾನೂ ಆಗತ್ತೆ. ಒಂದೇ ಎಳೆ ತಾಮ್ರ ಉಳಿದಿರೋ ವೈರಲ್ಲೂ ಮೀಟರ್ 12 ವೋಲ್ಟ್ ತೋರ್ಸತ್ತೆ, ಯಾಕಂದ್ರೆ ಮೀಟರ್ ಕರೆಂಟೇ ಎಳೆಯಲ್ಲ. ಅಲ್ಲಿ ಹೆಡ್‌ಲೈಟ್ ಬಲ್ಬಿನಂಥ ಜಾಸ್ತಿ ಕರೆಂಟ್ ಎಳೆಯೋ ಟೆಸ್ಟ್ ಲ್ಯಾಂಪ್ ಇಟ್ರೆ ಮಂಕಾಗಿ ಉರಿಯಬಹುದು, ನಿಜ ಗೊತ್ತಾಗತ್ತೆ. ಲೈಟು, ಹಾರನ್ನು, ಫ್ಯಾನಿಗೆ ಟೆಸ್ಟ್ ಲ್ಯಾಂಪ್ ಸರಿ, ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರ್) ಹೋಗೋ ವೈರಿಗೆ ಮಾತ್ರ ಬೇಡ, ಅದು ಎಳೆಯೋ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಡಬಹುದು, ಅಲ್ಲಿ ಡಿಜಿಟಲ್ ಮೀಟರ್ ಮಾತ್ರ.

ಪ್ರಶ್ನೆ: ನಂದು ಕಾರ್ಬುರೇಟರ್ ಇರೋ ತುಂಬಾ ಹಳೇ ಬ್ರಿಟಿಷ್ ಕಾರು. ಬಣ್ಣ ನೋಡಿ ಯಾವ ವೈರ್ ಏನು ಅಂತ ಹೇಳೋಕೆ ಆಗತ್ತಾ?

ಬ್ರಿಟಿಷ್ ಕಾರಲ್ಲಿ ಸುಮಾರಾಗಿ ಆಗತ್ತೆ. ಕಂದು ಅಂದ್ರೆ ಬ್ಯಾಟರಿಯಿಂದ ಫ್ಯೂಸ್ ಇಲ್ದೇ ಬರೋ ನೇರ ಸಪ್ಲೈ, ನೇರಳೆ ಫ್ಯೂಸ್ ಆದ ಮೇಲಿನ ನೇರ ಸಪ್ಲೈ, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ ಫ್ಯೂಸ್ ದಾಟಿದ್ದು, ನೀಲಿ ಹೆಡ್‌ಲೈಟು, ಕೆಂಪು ಪಾರ್ಕಿಂಗ್ ಲೈಟು, ಕಪ್ಪು ಅರ್ಥು. ಈ ಲೆಕ್ಕ ಇಟ್ಕೊಂಡು ಜರ್ಮನ್ ಕಾರಿಗೆ ಹೋದ್ರೆ ಕೆಟ್ರಿ, ಅಲ್ಲಿ ಕಂದು ಅಂದ್ರೇ ಅರ್ಥು, ಕೆಂಪು ನೇರ ಬ್ಯಾಟರಿ. ರಿಲೇ ಮೇಲಿನ ನಂಬರ್ ಮಾತ್ರ ಬಹುತೇಕ ಎಲ್ಲಾ ಕಡೆ ಒಂದೇ, 30 ಸಪ್ಲೈ, 87 ಔಟ್‌ಪುಟ್, 85 ಮತ್ತು 86 ಕಾಯಿಲ್.

ನಿಮ್ಮ ಕಾರಲ್ಲಿ ಮೂರು ವಿಷಯ ನೋಡ್ಕೊಳಿ. 1960ರ ದಶಕದ ಮಧ್ಯಭಾಗದ ತನಕ ಎಷ್ಟೋ ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ಥ್ ಇದ್ವು, ಅಂದ್ರೆ ಬಾಡಿಗೆ ಸೇರಿರೋದು ಪಾಸಿಟಿವ್, ಹಾಗಿದ್ರೆ ನಾನು ಮೇಲೆ ಹೇಳಿದ್ದೆಲ್ಲ ತಿರುಗಿಸಿ ಓದ್ಕೋಬೇಕು, ಬಿಚ್ಚೋದೂ ಮೊದ್ಲು ಬಾಡಿ ಕಡೆ ಕೇಬಲ್ಲೇ. ಎರಡ್ನೇದು, ಇಗ್ನಿಷನ್ ಕಾಯಿಲಿಗೆ ಹೋಗೋ ವೈರು ಕೆಲವು ಕಾರಲ್ಲಿ ಮಾಮೂಲಿ ವೈರಲ್ಲ, ರೆಸಿಸ್ಟೆನ್ಸ್ ವೈರು, ಎಂಜಿನ್ ಓಡುವಾಗ ಕಾಯಿಲಿಗೆ 12 ವೋಲ್ಟಿಗಿಂತ ಕಡಿಮೆ ಹೋಗ್ಲಿ ಅಂತಾನೇ ಹಾಕಿರ್ತಾರೆ. ಹಳೇದಾಗಿದೆ ಅಂತ ಅದರ ಜಾಗಕ್ಕೆ ಹೊಸ ತಾಮ್ರದ ವೈರ್ ಹಾಕಿದ್ರೆ ಕಾಯಿಲ್ ಬಿಸಿಯಾಗಿ ಸಾಯತ್ತೆ, ಕಾಯಿಲಿನ ಕರೆಂಟನ್ನ ಆನ್ ಆಫ್ ಮಾಡೋ ಪಾಯಿಂಟೂ ಸುಡತ್ತೆ. ಮೂರ್ನೇದು, ಕಾರ್ಬುರೇಟರಿಗೆ ಹೋಗೋ ಒಂಟಿ ವೈರ್ ಇದ್ರೆ ಅದು ಐಡಲ್ ಸೊಲಿನಾಯ್ಡ್, ಅಂದ್ರೆ ಐಡಲಲ್ಲಿ ಪೆಟ್ರೋಲ್ ಬಿಡೋ ಕರೆಂಟ್ ವಾಲ್ವು, ಇರಬಹುದು, ತೆಗೆದ್ರೆ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿ ಆಫ್.

ಪ್ರಶ್ನೆ: ಜಾಯಿಂಟಿಗೆ ಸೋಲ್ಡರ್ ಒಳ್ಳೇದಾ ಕ್ರಿಂಪ್ ಒಳ್ಳೇದಾ?

ಎಂಜಿನ್ ಹತ್ರ ಕ್ರಿಂಪ್, ಅಂದ್ರೆ ಲೋಹದ ಕೊಳವೆಯಲ್ಲಿ ವೈರ್ ಇಟ್ಟು ಟೂಲಲ್ಲಿ ಅದುಮೋದು. ಸೋಲ್ಡರ್ ಎಳೆಗಳ ಒಳಗೆ ಹೀರ್ಕೊಂಡು ವೈರನ್ನ ಕಡ್ಡಿ ಮಾಡತ್ತೆ, ಗಟ್ಟಿ ಭಾಗ ಮುಗಿದು ಮೆತ್ತನೆ ಭಾಗ ಶುರುವಾಗೋ ಜಾಗದಲ್ಲಿ ಅಲುಗಾಟಕ್ಕೆ ಮುರಿಯತ್ತೆ. ಸೋಲ್ಡರೇ ಬೇಕು ಅಂದ್ರೆ ಜಾಯಿಂಟಿನ ಎರಡೂ ಕಡೆ ಅಲುಗದ ಹಾಗೆ ಕಟ್ಟಿ. ಯಾವುದಾದ್ರೂ ಸರಿ, ಮೇಲೆ ಒಳಗಡೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಹಿಡ್ಕೊಳೋ ಟ್ಯೂಬು) ಹಾಕಿ. ಮನೆ ವೈರಿಂಗಿನ ಪಿವಿಸಿ ಟೇಪ್ ಎಂಜಿನ್ ಶಾಖಕ್ಕೆ ಅಂಟಂಟಾಗಿ ಬಿಚ್ಕೊಳತ್ತೆ, ಹಾರ್ನೆಸ್ಸಿಗೆ ಅಂತಾನೇ ಶಾಖ ತಡ್ಯೋ ಬಟ್ಟೆ ಟೇಪ್ ಬರತ್ತೆ, ಅದನ್ನ ತಗೊಳಿ.

ಪ್ರಶ್ನೆ: ಫೋಟೋದಲ್ಲಿ ಕೆಲವು ಕಾರಿನ ಎಂಜಿನ್ ಸುತ್ತ ಒಂದೂ ವೈರ್ ಕಾಣಲ್ಲ, ಎಲ್ಲಾ ಫೆಂಡರ್ ಒಳಗೆ ಬಚ್ಚಿಟ್ಟಿರ್ತಾರೆ. ನಾನೂ ಮಾಡ್ಲಾ?

ಶೋಗೆ ಇಡೋ ಕಾರಾದ್ರೆ ಮಾಡಿ. ದಿನಾ ಓಡ್ಸೋ ಗಾಡಿಗೆ ನನಗೆ ಇಷ್ಟ ಇಲ್ಲ, ಫೆಂಡರ್ ಒಳಗೆ ಟೈರಿಂದ ಹಾರೋ ನೀರು ಕೆಸರು ಎಲ್ಲಾ ಬೀಳತ್ತೆ, ಚೂಪು ತಗಡಿಗೆ ವೈರ್ ಉಜ್ಜತ್ತೆ, ಉದ್ದ ಮಾಡೋಕೆ ಅಂತ ಪ್ರತಿ ವೈರಿಗೂ ಹೊಸ ಜಾಯಿಂಟ್ ಬರತ್ತೆ, ರಿಪೇರಿಗೆ ಬಂದ್ರೆ ಫೆಂಡರೇ ಬಿಚ್ಬೇಕು. ಅದರ ಬದಲು ಇರೋದನ್ನ ಎಕ್ಸಾಸ್ಟಿಂದ ದೂರ ಸರಿಸಿ, ಪೈಪಲ್ಲಿ ಹಾಕಿ, ಎಂಜಿನ್ ಅಲುಗಾಡೋಕೆ ಸ್ವಲ್ಪ ಸಡಿಲ ಬಿಟ್ಟು ಕ್ಲಿಪ್ ಹಾಕಿದ್ರೆ ನೋಡೋಕೂ ಚೆನ್ನಾಗಿರತ್ತೆ.

ಪ್ರಶ್ನೆ: ಕ್ಲೀನ್ ಮಾಡಿದ ಮೇಲೆ ಎರಡು ತೊಂದ್ರೆ. ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಮತ್ತೆ ರಾತ್ರಿ ನಿಲ್ಸಿದ್ರೆ ಬೆಳಿಗ್ಗೆ ಡೌನ್ ಆಗಿರತ್ತೆ.

ಆಲ್ಟರ್ನೇಟರಿಗೆ ಹೋಗೋ ಸಣ್ಣ ವೈರ್ ತೆಗೆದಿದ್ದೀರಾ ನೋಡಿ. ಎಷ್ಟೋ ಹಳೇ ಕಾರಲ್ಲಿ ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟಿನ ಮೂಲಕ ಹೋಗೋ ಕರೆಂಟೇ ಆಲ್ಟರ್ನೇಟರನ್ನ ಎಬ್ಬಿಸೋದು, ಕೀ ಆನ್ ಮಾಡಿದಾಗ ಆ ಲೈಟ್ ಹತ್ತಲಿಲ್ಲ ಅಂದ್ರೆ ಇದೇ ಕಥೆ. ಸರಿಯಾದ್ರೆ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಸಿಗ್ಬೇಕು. ಎಂಜಿನ್ನಿಂದ ಬಾಡಿಗೆ ಬರೋ ಅರ್ಥ್ ಪಟ್ಟಿನೂ ವಾಪಸ್ ಹಾಕಿದ್ದೀರಾ ಖಾತ್ರಿ ಮಾಡ್ಕೊಳಿ, ಅದಿಲ್ದಿದ್ರೆ ಸೆಲ್ಫಿನ ಕರೆಂಟು ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲಲ್ಲಿ ದಾರಿ ಹುಡುಕತ್ತೆ, ಕೇಬಲ್ ಬಿಸಿಯಾಗಿ ಹಿಡ್ಕೊಳತ್ತೆ.

ರಾತ್ರಿ ಡೌನ್ ಆಗೋದು ಬರೀ ಚಾರ್ಜ್ ಆಗ್ದೇ ಇರೋದ್ರಿಂದಾನೂ ಇರಬಹುದು, ಅದಕ್ಕೆ ಮೊದ್ಲು ಬ್ಯಾಟರಿನ ಹೊರಗೆ ಪೂರ್ತಿ ಚಾರ್ಜ್ ಮಾಡಿಸಿ, ನಿಂತಾಗ 12.6 ವೋಲ್ಟ್ ಇರ್ಬೇಕು. ಆಮೇಲೂ ಇಳೀತಿದ್ರೆ ಎಲ್ಲಾ ಆಫ್ ಮಾಡಿ ಡೋರ್ ಹಾಕಿ ನೆಗೆಟಿವ್ ಕೇಬಲ್ಲಿಗೂ ಬ್ಯಾಟರಿಗೂ ಮಧ್ಯ ಮೀಟರನ್ನ 10 ಆಂಪ್ ರೇಂಜಲ್ಲಿ ಸೇರಿಸಿ, ಸ್ವಲ್ಪ ಹೊತ್ತು ಕಾಯಿರಿ. 50 ಮಿಲಿಆಂಪ್ ಒಳಗಿದ್ರೆ ಪರವಾಗಿಲ್ಲ. ಜಾಸ್ತಿ ಇದ್ರೆ ಫ್ಯೂಸುಗಳನ್ನ ಒಂದೊಂದೇ ಕೀಳ್ತಾ ಬನ್ನಿ, ಯಾವುದು ಕಿತ್ತಾಗ ಇಳಿಯತ್ತೋ ಆ ಸರ್ಕ್ಯೂಟಲ್ಲಿದೆ, ಯಾವುದಕ್ಕೂ ಇಳೀಲಿಲ್ಲ ಅಂದ್ರೆ ಫ್ಯೂಸ್ ಬಾಕ್ಸ್ ದಾಟ್ದೇ ನೇರ ಬ್ಯಾಟರಿಗೆ ಸೇರಿರೋ ವೈರ್ ಇನ್ನೊಂದು ಉಳಿದಿದೆ, ಇಲ್ಲಾ ಆಲ್ಟರ್ನೇಟರಿನ ಡಯೋಡ್ ಹೋಗಿದೆ. ಮೀಟರ್ ಹೀಗೆ ಸೇರಿಸಿರುವಾಗ ಮರೆತು ಸೆಲ್ಫ್ ಹೊಡೀಬೇಡಿ, ಮೀಟರ್ ಒಳಗಿನ ಫ್ಯೂಸ್ ಹೋಗತ್ತೆ.