ಕೈತೋಟದ ಪ್ರಶ್ನೋತ್ತರ: ಕೊಡಗಿನ ಹಿತ್ತಲಿಗೆ ಯಾವ ಚೆರ್ರಿ ಟೊಮೆಟೊ?

ಪ್ರಶ್ನೆ: ನಮ್ಮ ಮನೆಯ ಕಾಫಿ ಕಣದ ಪಕ್ಕದಲ್ಲಿ ನಾಲ್ಕೈದು ಗಿಡಗಳಿಗೆ ಸಾಲುವಷ್ಟು ಬಿಸಿಲಿನ ಜಾಗವಿದೆ. ಬೆಂಗಳೂರಿನಲ್ಲಿರುವ ಮಗಳು ಸನ್‌ಗೋಲ್ಡ್, ಸೂಪರ್ ಸ್ವೀಟ್ 100, ಬ್ಲ್ಯಾಕ್ ಚೆರ್ರಿ, ಯೆಲ್ಲೋ ಪೇರ್ ಎಂಬ ನಾಲ್ಕು ಬಗೆಯ ಬೀಜಗಳನ್ನು ಕಳುಹಿಸಿದ್ದಾಳೆ. ಕಳೆದ ವರ್ಷ ಮೇ ತಿಂಗಳಲ್ಲಿ ನೆಟ್ಟ ಗಿಡಗಳ ಎಲೆಗಳು ಮಳೆಗೆ ಕಪ್ಪಾಗಿ ಕೊಳೆತವು, ಬಂದ ನಾಲ್ಕು ಹಣ್ಣುಗಳೂ ಬಿರಿದವು. ಮೊಮ್ಮಕ್ಕಳಿಗೆ ತಿನ್ನಲು ಸಿಹಿಯಾಗಿರಬೇಕು, ಪಜ್ಜಿಗೂ (ಚಟ್ನಿಗೂ) ಆಗಬೇಕು. ಯಾವುದನ್ನು, ಯಾವಾಗ ಹಾಕಬೇಕು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಮ್ಮ ಗಿಡಗಳು ಹಾಳಾದದ್ದು ತಳಿಯ ದೋಷದಿಂದ ಅಲ್ಲ, ನೆಟ್ಟ ತಿಂಗಳಿನಿಂದ. ತಂಪು ಹವೆಯಲ್ಲಿ ಎಲೆ ಗಂಟೆಗಟ್ಟಲೆ ಒದ್ದೆಯಾಗಿಯೇ ಉಳಿದರೆ ಅಂಗಮಾರಿ ರೋಗ ನಾಲ್ಕೇ ದಿನಗಳಲ್ಲಿ ಗಿಡವನ್ನು ಮುಗಿಸಿಬಿಡುತ್ತದೆ. ಮಡಿಕೇರಿಯ ಜೂನ್‌ನಿಂದ ಆಗಸ್ಟ್‌ವರೆಗಿನ ಹವೆ ಆ ರೋಗಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದ್ದರಿಂದ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತದ ಹೊತ್ತಿಗೆ ಬೀಜವನ್ನು ಸೂರಿನಡಿ ಟ್ರೇಯಲ್ಲಿ ಬಿತ್ತಿ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಸಸಿಗಳನ್ನು ನಾಟಿ ಮಾಡಿ. ನಾಟಿಯಾದ ಎರಡು ತಿಂಗಳಿಗೆ, ಅಂದರೆ ಸುಗ್ಗಿಯ ಹಬ್ಬ ಹುತ್ತರಿ ಕಳೆದು ಡಿಸೆಂಬರ್‌ನಲ್ಲಿ ಹಣ್ಣು ಆರಂಭವಾಗಿ, ಗಿಡ ಆರೋಗ್ಯವಾಗಿದ್ದರೆ ಮಾರ್ಚ್‌ವರೆಗೂ ಸಿಗುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ಸಂಜೆಯ ಮಳೆ ಇನ್ನೂ ಇರುವುದರಿಂದ ನಾಲ್ಕು ಬಿದಿರು ಗಳಗಳ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಬದಿಗಳನ್ನು ಮುಚ್ಚಬೇಡಿ, ಗಾಳಿಯಾಡಬೇಕು.

ಇನ್ನು ತಳಿಗಳ ವಿಷಯ. ನಿಮ್ಮ ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಸನ್‌ಗೋಲ್ಡ್. ಜಪಾನಿನ ಟೊಕಿಟಾ ಬೀಜ ಸಂಸ್ಥೆ 1992ರಲ್ಲಿ ಬಿಡುಗಡೆ ಮಾಡಿದ ಈ ಸಂಕರಣ ತಳಿಯ ಸಿಹಿಗೆ ಸರಿಗಟ್ಟುವ ಚೆರ್ರಿ ಟೊಮೆಟೊಗಳು ಕಡಿಮೆ. ಹಣ್ಣು ಹಳದಿಯಾದ ಕೂಡಲೇ ಕಿತ್ತರೆ ಬರೀ ಹುಳಿ. ಬಣ್ಣ ಕಿತ್ತಳೆಗೆ ತಿರುಗಿ, ಬೆರಳಿನಿಂದ ಒತ್ತಿದರೆ ಸ್ವಲ್ಪ ಮೆತ್ತಗಾಗುವವರೆಗೆ ಕಾಯಬೇಕು. ಇದರ ದೊಡ್ಡ ದೋಷವೆಂದರೆ ತೆಳು ಸಿಪ್ಪೆ. ಒಣಗಿದ ಮಣ್ಣಿಗೆ ಒಮ್ಮೆಲೇ ಮಳೆ ಬಿದ್ದಾಗ ಬೇರು ನೀರನ್ನು ಎಳೆದುಕೊಂಡು ಹಣ್ಣಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅದೇ ವೇಗದಲ್ಲಿ ಹಿಗ್ಗಲಾರದೆ ತೊಟ್ಟಿನ ಸುತ್ತ ಮೊದಲು ಉಂಗುರದಂತೆ ಗೀರು ಮೂಡಿ, ಆಮೇಲೆ ಕೆಳಗಿನವರೆಗೂ ಸೀಳುತ್ತದೆ. ಕಾಫಿಯ ಹೂವರಳಿಸಿ ವರವಾಗುವ ಹೂಮಳೆ ಸನ್‌ಗೋಲ್ಡ್‌ಗೆ ಶಾಪ. ಬುಡಕ್ಕೆ ದಪ್ಪವಾಗಿ ಒಣ ಎಲೆಗಳ ಹೊದಿಕೆ ಹಾಕಿ, ವಾರಕ್ಕೊಮ್ಮೆ ಸುರಿಯುವ ಬದಲು ಎರಡು ದಿನಕ್ಕೊಮ್ಮೆ ಹದವಾಗಿ ನೀರು ಕೊಡಿ. ಮೋಡ ಕಟ್ಟಿದ ದಿನ ಬಣ್ಣ ತಿರುಗಿದ ಹಣ್ಣುಗಳನ್ನೆಲ್ಲ ತೊಟ್ಟಿನ ಸಮೇತ ಕಿತ್ತು ಒಳಗಿಟ್ಟರೆ ಅಲ್ಲಿಯೇ ಮಾಗುತ್ತವೆ. ರುಚಿ ಒಂದು ತೂಕ ಕಡಿಮೆಯಾದರೂ ಹಣ್ಣು ಉಳಿಯುತ್ತದೆ.

ಸೂಪರ್ ಸ್ವೀಟ್ 100 ಉದ್ದನೆಯ ಗೊಂಚಲುಗಳಲ್ಲಿ ಕೆಂಪು ಹಣ್ಣನ್ನು ಧಾರಾಳವಾಗಿ ಬಿಡುತ್ತದೆ. ಆದರೆ ಇದೂ ಬಿರಿಯುವ ಜಾತಿಯೇ, ಮತ್ತು ಪೊಟ್ಟಣದ ಮೇಲೆ ಬರೆದಿರುವ ರೋಗನಿರೋಧಕ ಗುಣ ಫ್ಯುಸೇರಿಯಂ, ವರ್ಟಿಸಿಲಿಯಂ ಎಂಬ ಶಿಲೀಂಧ್ರಗಳ ಸೊರಗು ರೋಗಕ್ಕೆ ಸಂಬಂಧಿಸಿದ್ದೇ ಹೊರತು ನಿಮ್ಮ ಗಿಡಗಳನ್ನು ಕೊಂದ ಅಂಗಮಾರಿಗೆ ಅಲ್ಲ. ಸನ್‌ಗೋಲ್ಡ್ ಇರುವಾಗ ಇದಕ್ಕೆ ಜಾಗ ಕೊಡಬೇಕಾಗಿಲ್ಲ. ಬ್ಲ್ಯಾಕ್ ಚೆರ್ರಿಗೆ ಒಂದು ಗಿಡದ ಜಾಗ ಕೊಡಿ. ಕಡುನೇರಳೆ ಬಣ್ಣದ, ತೊಟ್ಟಿನ ಸುತ್ತ ಹಸಿರು ಛಾಯೆ ಉಳಿಯುವ ಈ ಹಣ್ಣಿನಲ್ಲಿ ಸಿಹಿಯ ಜೊತೆಗೆ ಒಂದು ಗಾಢವಾದ ರುಚಿ ಇದೆ. ದೊಡ್ಡವರಿಗೆ ಹಿಡಿಸುವಷ್ಟು ಮಕ್ಕಳಿಗೆ ಹಿಡಿಸುವುದಿಲ್ಲ. ಯೆಲ್ಲೋ ಪೇರ್ ಹಳೆಯ ತಳಿ, ಪುಟ್ಟ ಪೇರು ಹಣ್ಣಿನ ಆಕಾರದಿಂದ ಎಲ್ಲರನ್ನೂ ಮರುಳು ಮಾಡುತ್ತದೆ. ತಿಂದರೆ ಸಪ್ಪೆ. ಗಿಡ ಮಾತ್ರ ಇಡೀ ಬೇಲಿಯನ್ನೇ ಆಕ್ರಮಿಸಿಕೊಳ್ಳುತ್ತದೆ. ನಾನಾದರೆ ಆ ಪೊಟ್ಟಣವನ್ನು ಒಡೆಯುವುದಿಲ್ಲ.

ಮಗಳಿಗೆ ಹೇಳಿ ಇನ್ನೊಂದು ಬೀಜ ತರಿಸಿಕೊಳ್ಳಲು ಸಾಧ್ಯವಾದರೆ ಜೂಲಿಯೆಟ್ ತರಿಸಿ. 1999ರಲ್ಲಿ ಆಲ್-ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಪಡೆದ ಇದು ದ್ರಾಕ್ಷಿಯಂತೆ ಉದ್ದುದ್ದನೆಯ ಹಣ್ಣು ಬಿಡುತ್ತದೆ. ಸನ್‌ಗೋಲ್ಡ್‌ನಷ್ಟು ಸಿಹಿಯಿಲ್ಲ, ಆದರೆ ಸಿಪ್ಪೆ ಗಟ್ಟಿ, ಬಿರಿಯುವುದು ಅಪರೂಪ, ಅಂಗಮಾರಿಯನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಕಿತ್ತ ಮೇಲೂ ಬಹುದಿನ ಇರುತ್ತದೆ. ಕೆಂಡದ ಮೇಲೆ ಸುಟ್ಟು ಹಸಿಮೆಣಸಿನೊಂದಿಗೆ ಅರೆದು ಅಕ್ಕಿ ರೊಟ್ಟಿಯ ಜೊತೆ ಪಜ್ಜಿ ಮಾಡಲು ಇದರ ತಿರುಳೇ ಸರಿ. ಹೀಗೆ ಎರಡು ಸನ್‌ಗೋಲ್ಡ್, ಒಂದು ಬ್ಲ್ಯಾಕ್ ಚೆರ್ರಿ, ಉಳಿದ ಜಾಗಕ್ಕೆ ಜೂಲಿಯೆಟ್ ಎಂದು ಇಟ್ಟುಕೊಳ್ಳಿ. ಎಲ್ಲವೂ ಆಳೆತ್ತರ ಮೀರಿ ಬೆಳೆಯುವಂಥವು, ಆದ್ದರಿಂದ ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಬಿಟ್ಟು ಗಟ್ಟಿ ಊರುಗೋಲು ಕೊಡಿ. ಎಲೆ ಮತ್ತು ಕಾಂಡದ ಸಂದಿಯಲ್ಲಿ ಏಳುವ ಚಿಗುರುಗಳನ್ನು ಎಳೆಯದಾಗಿರುವಾಗಲೇ ಚಿವುಟಬೇಕು. ಕಾಫಿಯಲ್ಲಿ ಕಂಬಚಿಗುರು ತೆಗೆದು ಅಭ್ಯಾಸವಿರುವ ನಿಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೆಲಕ್ಕೆ ತಾಗುವ ಎಲೆಗಳನ್ನೂ ತೆಗೆದುಹಾಕಿ, ಮಣ್ಣಿನ ಸಿಡಿತದಿಂದಲೇ ಹಲವು ರೋಗಗಳು ಮೇಲೇರುತ್ತವೆ.

ಪ್ರಶ್ನೆ: ಹಿಂದಿನ ದಿನದವರೆಗೆ ಹಚ್ಚಗಿದ್ದ ಚೆರ್ರಿ ಟೊಮೆಟೊ ಗಿಡಗಳು ಒಂದೊಂದಾಗಿ ಬಾಡಿ ಸಾಯುತ್ತಿವೆ. ಎಲೆಯಲ್ಲಿ ಚುಕ್ಕೆಯಿಲ್ಲ, ಹಳದಿಯೂ ಆಗಿಲ್ಲ. ನೀರು ಹಾಕಿದರೂ ಏಳುತ್ತಿಲ್ಲ. ಬೇರೆ ತಳಿ ಹಾಕಿದರೆ ಸರಿಹೋದೀತೇ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಬಾಡಿದ ಗಿಡದ ಬುಡದಿಂದ ಬೆರಳುದ್ದದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿಯಷ್ಟೇ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಭಾಗದಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಎಂಬ ಈ ದುಂಡಾಣು ಮಣ್ಣಿನಲ್ಲಿಯೇ ವರ್ಷಗಟ್ಟಲೆ ಉಳಿಯುತ್ತದೆ, ನಮ್ಮ ಹುಳಿ ಮಣ್ಣಿನಲ್ಲಿ ಹೆಚ್ಚು ಕಾಡುತ್ತದೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇದಕ್ಕೆ ತುತ್ತಾಗುವ ಬೆಳೆಗಳೇ; ಶುಂಠಿಯನ್ನು ಕೊಳೆಸುವುದೂ ಇದೇ ಗುಂಪಿನ ದುಂಡಾಣು. ಹಿಂದೆ ಶುಂಠಿ ಹಾಕಿದ್ದ ಜಾಗವಾಗಿದ್ದರೆ ಅಲ್ಲಿ ಟೊಮೆಟೊದ ಆಸೆ ಬಿಡುವುದು ಲೇಸು.

ಮೇಲೆ ಹೇಳಿದ ವಿದೇಶಿ ಚೆರ್ರಿ ತಳಿಗಳಲ್ಲಿ ಯಾವುದನ್ನೂ ಈ ರೋಗಕ್ಕೆಂದು ನಂಬಿ ಹಾಕಬೇಡಿ. ಸತ್ತ ಗಿಡಗಳನ್ನು ಬೇರುಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿಯುವ ದಾರಿ ಎರಡು: ಬೇರೆಡೆಯ ಶುದ್ಧ ಮಣ್ಣು ತುಂಬಿದ ದೊಡ್ಡ ಚೀಲಗಳಲ್ಲಿ ಬೆಳೆಯುವುದು, ಇಲ್ಲವೇ ಬದನೆಯ ಜಾತಿಯ ಸುಂಡೆಯ ಬೇರುಗಿಡದ ಮೇಲೆ ಚೆರ್ರಿ ಟೊಮೆಟೊ ಕಸಿ ಕಟ್ಟುವುದು. ದೊಡ್ಡ ಹಣ್ಣಾದರೂ ಆದೀತು ಎನ್ನುವುದಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ಸೊರಗು ರೋಗವನ್ನು ತಡೆಯುವ ತಳಿ. ಅದೇ ಸಂಸ್ಥೆಯ ಕೇಂದ್ರ ಚೆಟ್ಟಳ್ಳಿಯಲ್ಲಿಯೂ ಇದೆ, ಕೃಷಿ ವಿಜ್ಞಾನ ಕೇಂದ್ರವಂತೂ ನಿಮ್ಮ ಊರಿನಲ್ಲಿಯೇ ಇದೆ. ಕಸಿಯ ಬಗ್ಗೆ ಅಲ್ಲಿ ವಿಚಾರಿಸಬಹುದು.

ಪ್ರಶ್ನೆ: ತಾರಸಿಯ ಕುಂಡಗಳಲ್ಲಿ ಬೆಳೆಯಲು ಚಿಕ್ಕ ಗಿಡದ ತಳಿ ಇದೆಯೇ? ಹಣ್ಣಿನ ಬೀಜವನ್ನೇ ಮುಂದಿನ ವರ್ಷಕ್ಕೆ ಬಳಸಬಹುದೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಟೈನಿ ಟಿಮ್ ಹಾಕಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಿಂದ 1945ರಲ್ಲಿ ಬಂದ ಈ ಗಿಡ ಒಂದೂವರೆ ಅಡಿ ದಾಟುವುದಿಲ್ಲ, ಊರುಗೋಲೂ ಬೇಡ. ರುಚಿ ಸಾಧಾರಣ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಮಳೆ ಮಡಿಕೇರಿಗಿಂತ ಎಷ್ಟೋ ಕಡಿಮೆಯಾದ್ದರಿಂದ ದೊಡ್ಡ ಕುಂಡವಿದ್ದರೆ ಸನ್‌ಗೋಲ್ಡ್ ಕೂಡ ಪ್ರಯತ್ನಿಸಬಹುದು.

ಟೈನಿ ಟಿಮ್, ಬ್ಲ್ಯಾಕ್ ಚೆರ್ರಿಗಳ ಬೀಜವನ್ನು ಉಳಿಸಿಕೊಂಡರೆ ತಾಯಿಗಿಡದಂತೆಯೇ ಬರುತ್ತವೆ. ಸನ್‌ಗೋಲ್ಡ್, ಜೂಲಿಯೆಟ್ ಸಂಕರಣ ತಳಿಗಳಾದ್ದರಿಂದ ಅವುಗಳ ಮಕ್ಕಳು ಒಂದೊಂದು ಒಂದೊಂದು ಥರ. ಚೆನ್ನಾಗಿ ಮಾಗಿದ ಹಣ್ಣನ್ನು ಲೋಟಕ್ಕೆ ಹಿಂಡಿ, ರಸದಲ್ಲಿಯೇ ಎರಡು ಮೂರು ದಿನ ಹುಳಿಯಲು ಬಿಟ್ಟರೆ ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ಅನಂತರ ತೊಳೆದು, ಕಾಗದಕ್ಕೆ ಅಂಟಿಕೊಳ್ಳುವುದರಿಂದ ತಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ, ತಳಿಯ ಹೆಸರು ಬರೆದು ಗಾಳಿಯಾಡದ ಡಬ್ಬಿಯಲ್ಲಿಡಿ.